ಬಲಕ್ಕೆ ಎಷ್ಟು

ಕ್ರೇನಿನ ಗೂಡಿನಲ್ಲಿ ನೆಲವೂ ಗಾಜು.
ನಲವತ್ತು ಮೀಟರ್ ಕೆಳಗೆ, ತನ್ನವೇ ಎರಡು ಬೂಟುಗಳ ನಡುವೆ,
ಹಡಗಿನ ತೆರೆದ ಹೊಟ್ಟೆ, ಅದರ ತುಂಬ ಕಬ್ಬಿಣದ ಪೆಟ್ಟಿಗೆಗಳು.
ಕ್ಲೈಪೆದಾ ಬಂದರಿನಲ್ಲಿ ಇಪ್ಪತ್ತಾರು ವರ್ಷ
ಈ ರಿಮ್ಗೌದಸ್
ಬಾವಿಗೆ ಬಿದ್ದ ಕೊಡ ಹುಡುಕುವವನ ಹಾಗೆ
ಬಗ್ಗಿ ನೋಡುತ್ತಲೇ ಇದ್ದಾನೆ.

"ತಲೆ ತಗ್ಗಿಸುವಂಥ ಕೆಲಸ ಯಾವುದೂ ಮಾಡಿಲ್ಲ ನಾನು,
ಸಂಬಳದ ಕೆಲಸವೊಂದನ್ನು ಬಿಟ್ಟು,"
ಅಂದ ಮೊದಲ ದಿನ, ಅಂಗಿ ಬಿಚ್ಚುತ್ತ.
ನಗಲಿಲ್ಲ. ನಕ್ಕರೆ ಕತ್ತು ಹಿಡಿಯುತ್ತದೆ.

ಬರೆದುಕೊಂಡೆ: ನೋವು, ಹತ್ತಕ್ಕೆ ಏಳು.
ಬಲಕ್ಕೆ ತಿರುಗುವುದು, ಮೂವತ್ತು ಡಿಗ್ರಿ.
ಎಡಕ್ಕೆ ಸ್ವಲ್ಪ ವಾಸಿ.
ಎಕ್ಸ್-ರೇಯಲ್ಲಿ ಕಂಡದ್ದು
ಐವತ್ತು ದಾಟಿದ ಎಷ್ಟೋ ಜನರಲ್ಲಿ ಕಾಣುವ ಸವಕಲು, ಅಷ್ಟೇ.
ಹೇಳಿದೆ. ಮುಖ ಸಪ್ಪಗಾಯಿತು:
ಇಷ್ಟೊಂದು ನೋವಿಗೆ ಒಂದು ಹೆಸರೂ ಇಲ್ಲವೇ?

ಮಲಗಿಸಿ, ತಲೆಯನ್ನು ಅಂಗೈಗಳಿಗೆ ತೆಗೆದುಕೊಳ್ಳುತ್ತೇನೆ.
ಮನುಷ್ಯನ ತಲೆ ಸುಮಾರು ಐದು ಕಿಲೋ.
ಯಾರೂ ಐದೂ ಕಿಲೋ ಕೊಡುವುದಿಲ್ಲ.
ಇವನು ಒಂದೂವರೆ ಕೊಟ್ಟು
ಉಳಿದದ್ದನ್ನು ತಾನೇ ಎತ್ತಿ ಹಿಡಿದಿದ್ದಾನೆ,
ನೆಂಟರ ಮನೆಯಲ್ಲಿ ಕುರ್ಚಿಯ ತುದಿಗೆ ಕೂತವನಂತೆ.
"ಬಿಡಿ," ಅನ್ನುತ್ತೇನೆ.
"ಬಿಟ್ಟಿದ್ದೇನೆ," ಅನ್ನುತ್ತಾನೆ.
ಬಿಟ್ಟಿಲ್ಲ.

ಬುರುಡೆಯ ಅಂಚಿನಲ್ಲಿ, ಕೂದಲು ಮುಗಿಯುವ ಕಡೆ,
ಬೆರಳ ತುದಿ ಊರಿ ಕಾಯಬೇಕು.
ಕಲಿಸಿದವರು ಎಷ್ಟು ಹೊತ್ತು ಅಂತ ಹೇಳಿಕೊಡಲಿಲ್ಲ.
ಕಿಟಕಿಯಾಚೆ ಫೆರಿಯೊಂದು
ಮರಳದಿಣ್ಣೆಯ ದಡಕ್ಕೆ ಹೋಗಿ
ಸೈಕಲ್ಲಿನವರನ್ನು ಇಳಿಸಿ ವಾಪಸು ಬರುವಷ್ಟು ಹೊತ್ತು.

ಆಮೇಲೆ ಹೆಬ್ಬೆರಳು ಮಣಿ ಎಣಿಸುತ್ತ ಇಳಿಯುತ್ತದೆ.
ಎರಡು, ಮೂರು ಸಲೀಸು.
ನಾಲ್ಕು ಗೊಣಗುತ್ತದೆ.
ಐದರ ಬಳಿ ಕೀಲು ತುಕ್ಕು ಹಿಡಿದ ಬಾಗಿಲು:
ಸಣ್ಣಗೆ ತಳ್ಳು, ಬಿಡು, ತಳ್ಳು, ಬಿಡು,
ಒಳಗೆ ಮಗು ಮಲಗಿದೆ ಅನ್ನುವ ಹಾಗೆ.
"ಅಲ್ಲೇ," ಹಲ್ಲು ಕಚ್ಚುತ್ತಾನೆ. "ಅಯ್ಯೋ, ಅಲ್ಲೇ. ನಿಲ್ಲಿಸಬೇಡಿ."

ಆರನೆಯ ಸಲ ಹೆಂಡತಿ ಗ್ರಾಝಿನಾ ಜೊತೆಗೆ ಬಂದಳು,
ಪತ್ರಿಕೆಯಲ್ಲಿ ಸುತ್ತಿದ ಹೊಗೆಮೀನು ನನ್ನ ಮೇಜಿನ ಮೇಲಿಟ್ಟು.
"ಕಾರಿನಲ್ಲಿ ಇವರ ಬಲಕ್ಕೆ ಕೂತು ಐದು ವರ್ಷ ಮಾತಾಡಿದ್ದೇನೆ.
ಉತ್ತರ ಎದುರಿನ ಗಾಜಿಗೆ ಹೇಳುತ್ತಾರೆ.
ಮೊದಲು ಸಿಟ್ಟು ಅಂದುಕೊಂಡೆ.
ಆಮೇಲೆ ಯಾರೋ ಇದ್ದಾಳೆ ಅಂದುಕೊಂಡೆ.
ಕತ್ತು ಅಂತ ಹೊಳೆಯಲೇ ಇಲ್ಲ."
"ಹೇಳಿದ್ದೆ," ಅಂದಿತು ನೆಲ.
ಬೋರಲು ಮಲಗಿದ್ದ, ಮೇಜಿನ ತೂತಿನಲ್ಲಿ ಮುಖವಿಟ್ಟು.
"ಹೇಳಲಿಲ್ಲ," ಅಂದಳು ಅವನ ಬೆನ್ನಿಗೆ.
ನನ್ನ ಕೈಯ ಕೆಳಗೆ ಹೆಗಲೆರಡೂ ಕಿವಿಗೇರಿದವು.
ಅವತ್ತಿನ ಅರ್ಧ ಗಂಟೆಯ ದುಡಿಮೆ, ಹೋಯಿತು.

ಹದಿನೇಳು ವರ್ಷಕ್ಕೆ ನನ್ನ ಹೆಬ್ಬೆರಳ ಬುಡವೂ ಸವೆದಿದೆ.
ಉಪ್ಪಿನಕಾಯಿ ಸೌತೆಯ ಜಾಡಿಗೆ ಮಗನನ್ನೇ ಕರೆಯಬೇಕು.
ನೋವು ಎಲ್ಲಿಗೂ ಹೋಗುವುದಿಲ್ಲವೇನೋ,
ಬರೀ ಮನೆ ಬದಲಾಯಿಸುತ್ತದೇನೋ
ಅನಿಸುತ್ತದೆ ಕೆಲವು ಸಂಜೆ.
ಹಾಗೆಲ್ಲ ಇಲ್ಲ. ವಿಜ್ಞಾನ ಓದಿದವಳು ನಾನು.
ಈಗೀಗ ಮೊಣಕೈ ಬಳಸುತ್ತೇನೆ.

ಹತ್ತನೆಯದು ಕೊನೆಯದು. ವಿಮೆ ಕೊಟ್ಟದ್ದು ಅಷ್ಟೇ.
ಏಳು ನಾಲ್ಕಾಗಿದೆ.
ಸೊನ್ನೆಯಾಗುವುದಿಲ್ಲ; ಅವನೂ ಕೇಳಲಿಲ್ಲ.
ಸೋಮವಾರದಿಂದ ಮತ್ತೆ ಗಾಜಿನ ನೆಲ.
ಗಲ್ಲ ಒಳಗೆಳೆಯುವುದು, ಭುಜ ಹಿಂದಕ್ಕೆ, ಗಂಟೆಗೊಮ್ಮೆ,
ಅಂತ ಚೀಟಿ ಬರೆದುಕೊಟ್ಟೆ, ಕ್ರೇನಿನ ಗೂಡಿಗೆ ಅಂಟಿಸಲು.
"ನನ್ನ ಮೂಗಿನ ಕೆಳಗೇ ಅಂಟಿಸಬೇಕು," ಅಂದ,
"ನಾನು ನೋಡುವುದು ಅಲ್ಲೇ."
ಈ ಸಲ ನಕ್ಕ.

ಕಿಟಕಿಯಿಂದ ನೋಡಿದೆ.
ಕಾರಿನಲ್ಲಿ ಕೂತ, ಪಕ್ಕದಲ್ಲಿ ಅವಳು.
ಹಿಂದಕ್ಕೆ ತೆಗೆಯಲು ಬಲಕ್ಕೆ ತಿರುಗಿದ, ನಿಧಾನ,
ಹಳೇ ಡ್ರಾಯರು ಎಳೆಯುವ ಹಾಗೆ,
ಹಿಂದಿನ ಗಾಜಿನವರೆಗೆ ಹೋಗಬೇಕಾದ ಕತ್ತು
ನಡುದಾರಿಯಲ್ಲಿ ನಿಂತಿತು.
ಸಿಕ್ಕಿಕೊಂಡಿತೇ? ಎದೆ ಧಸಕ್ಕೆಂದಿತು ನನಗೆ.
ಅವಳು ಏನೋ ಕೇಳಿದಳು. ಅವನು ಏನೋ ಹೇಳಿದ.
ಎಂಜಿನ್ ಶುರುವಾಗಿತ್ತು, ಕಾರು ಹೊರಡಲಿಲ್ಲ,
ಜಾಗಕ್ಕೆ ಕಾಯುತ್ತಿದ್ದ ವ್ಯಾನಿನವನು ಹಾರ್ನ್ ಹೊಡೆದ.