ಉಪ್ಪಾಗೆ ಮರದ ಲೆಕ್ಕ

ಬೈತಖೋಲದಲ್ಲಿ ಮೀನು ಹರಾಜು ಕೂಗುವವ ನಾನು.
ಮೂವತ್ತು ವರ್ಷ ಬುಟ್ಟಿ ಎಣಿಸಿದ ಬಾಯಿ;
ಮನೆಯಲ್ಲಿ ಉಪ್ಪು ಕೇಳಿದರೆ
ಪಕ್ಕದ ಓಣಿಯವರು ತಂದುಕೊಡುತ್ತಾರೆ.

ಜೂನ್. ದೋಣಿಗಳಿಗೆ ರಜೆ, ಬಲೆಗಳು ತಾಡಪಾಲಿನ ಕೆಳಗೆ.
ಕೆಲಸವಿಲ್ಲದ ಗಂಟಲು ಹೊತ್ತು
ಬಸ್ಸು ಹತ್ತಿ, ಬಸ್ಸು ಇಳಿದು, ಶಿರಸಿ ದಾಟಿ
ಘಟ್ಟದ ಮಗ್ಗುಲಿಗೆ ಬಂದೆ,
ಸಿಂಗಳೀಕದ ಸಂಸಾರ ನೋಡಲು.

ಯಮುನಾ ಹೇಳಿದ ಮೊದಲ ನಿಯಮ:
"ಮಾತಾಡೂಕಾಗ."
ಎರಡನೆಯದು: ಕೆಮ್ಮು ಬಂದರೆ ನುಂಗಿ.
ಮೂರನೆಯದನ್ನು ಹೇಳಲಿಲ್ಲ,
ಸುಣ್ಣದ ಡಬ್ಬಿ ಕೈಗಿಟ್ಟಳು, ಉಂಬಳಕ್ಕೆ.

ಅವಳ ಮೈಮೇಲೆ ಅಪ್ಪನ ಅಂಗಿ.
ಮಾಸಿದ ಹಸಿರು, ಮೊಣಕೈಗೆ ತೇಪೆ, ತೋಳಿಗೆ ಮೂರು ಮಡಿಕೆ.
ಬಂಗಾರ್ಯ ನಾಯ್ಕ ಹದಿನಾಲ್ಕು ತಿಂಗಳು
ದಿನಾ ಅದನ್ನೇ ತೊಟ್ಟನಂತೆ,
ಬೇರೆ ಬಣ್ಣ ಕಂಡರೆ ಗುಂಪು ಗುಡ್ಡ ದಾಟುತ್ತಿತ್ತು.
ಮೊದಲ ತಿಂಗಳು ಬರೀ ಬಾಲದ ಕುಚ್ಚು ಕಂಡ.
ಆರನೆಯದಕ್ಕೆ ಬೆನ್ನು.
ಹತ್ತನೆಯದಕ್ಕೆ ಮೇಲಿನಿಂದ ಬೈಗುಳ, ಉಚ್ಚೆ.
ಆಮೇಲೊಂದು ಬೆಳಿಗ್ಗೆ ಏನೂ ಇಲ್ಲ:
ಅವ ಇದ್ದ, ಅವು ಇದ್ದವು, ಅಷ್ಟೆ.
ಆ 'ಏನೂ ಇಲ್ಲ'ಕ್ಕೆ
ಇಲಾಖೆ ದಿನಗೂಲಿ ಕೊಟ್ಟಿತು.

ಅದಕ್ಕೂ ಮೊದಲು ಅವ ಉಪ್ಪಾಗೆ ಕೊಯ್ಯುವವ.
ಒಂದೇ ಮರ; ಕೆಳಕೊಂಬೆಗೆ ಇವನ ದೋಟಿ,
ಮೇಲುಕೊಂಬೆಗೆ ಅವುಗಳ ಕೈ.
ಈ ಸಲ ಹತ್ತಿ ಬಿದ್ದದ್ದು ಹಣ್ಣಿಗಲ್ಲ,
ಯಾರೋ ಕಟ್ಟಿದ ಉರುಳು ಬಿಚ್ಚಲು.
ಕಾಲು ಈಗ ಶಿರಸಿ ಆಸ್ಪತ್ರೆಯ ಪ್ಲಾಸ್ಟರಿನಲ್ಲಿದೆ.

ನಾಲ್ಕು ತಾಸು ನಡಿಗೆ.
ನನ್ನವು ಸಮುದ್ರಮಟ್ಟದ ಮಂಡಿಗಳು, ದಾರಿಯುದ್ದ ದೂರಿದವು.
ಕಾಡುಜಾಯಿ ಮರಗಳೂ
ಕೆಸರಿನಲ್ಲಿ ಬೇರಿನ ಮಂಡಿ ಎತ್ತಿ ಕೂತ ಹಳ್ಳದಲ್ಲಿ
ಯಮುನಾ ನಿಂತಳು. ಮೂಗು ಎತ್ತಿದಳು.

ಭುಜದ ಮೇಲೆ ಸಿಪ್ಪೆ ಬಿತ್ತು.
ಜಗಿದದ್ದು, ಹುಳಿ ವಾಸನೆಯದು.

ಕತ್ತೆತ್ತಿದರೆ ಎಲೆ, ಎಲೆ, ಎಲೆ,
ಎಲೆಯ ನಡುವೆ ಒಂದು ಕರಿಮುಖ,
ಸುತ್ತ ಬಿಳಿ ಜೂಲು, ಉಬ್ಬಿದ ಗಲ್ಲದ ಚೀಲ.
ಆಮೇಲೆ ಇಡೀ ಮರವೇ ಕಣ್ಣಾಯಿತು.

ಮುದಿ ಹೆಣ್ಣೊಂದು ಇಳಿದು ಬಂತು, ಏಳೆಂಟು ಮಾರು ದೂರಕ್ಕೆ.
ಅಂಗಿ ನೋಡಿತು.
ಅಂಗಿಯ ಮೇಲಿನ ಮುಖ ನೋಡಿತು.
ಮತ್ತೆ ಅಂಗಿ.
ಯಮುನಾ ಕಣ್ಣು ತಗ್ಗಿಸಿ ಒಣಎಲೆ ಕೆದಕುತ್ತ ಕೂತಳು,
ಮಾಡಲು ಅದೊಂದೇ ಕೆಲಸ ಉಳಿದವಳಂತೆ.
ನನ್ನ ಗಂಟಲೊಳಗೆ ಮೂವತ್ತು ವರ್ಷ
ಮೀನಿನ ಮುಳ್ಳಿನಂತೆ ಅಡ್ಡ ನಿಂತಿತ್ತು.

ಮುದುಕಿ ಬೆನ್ನು ತಿರುಗಿಸಿ
ಮರಿಯೊಂದರ ಹೇನು ಹೆಕ್ಕತೊಡಗಿತು.
ನಾವು 'ಏನೂ ಇಲ್ಲ' ಆದೆವು.

ಚಟ ಬಿಡಲಿಲ್ಲ. ಕಿಸೆಯೊಳಗೆ ಬೆರಳು ಮಡಚಿ ಎಣಿಸಿದೆ.
ಇಪ್ಪತ್ತೊಂದು.
ಇನ್ನೊಮ್ಮೆ ಎಣಿಸಿದೆ. ಇಪ್ಪತ್ತೊಂದು.

ಸಂಜೆ ಆಸ್ಪತ್ರೆಯಲ್ಲಿ ಬಂಗಾರ್ಯ
ನಮಸ್ಕಾರಕ್ಕೂ ಮೊದಲು ಕೇಳಿದ,
"ಎಷ್ಟ್ ಜನ ಇದ್ರು?"
"ಇಪ್ಪತ್ತೆರಡು," ಎಂದಳು ಮಗಳು,
ಅಂಗಿಯ ತೋಳಿನ ಮಡಿಕೆ ಬಿಚ್ಚುತ್ತ.
"ಮೊಂಡಬಾಲದವಳೂ?"
"ಹೂಂ. ತಿಂತಾ ಇತ್ತು."

ಅವ ನನ್ನ ಕಡೆ ತಿರುಗಿದ.
ಬಂದರಿನಲ್ಲಿ ಒಂದು ಬುಟ್ಟಿ ತಪ್ಪಿ ಕೂಗಿದರೆ
ದೋಣಿ ಮಾಲೀಕ ಕೊರಳಪಟ್ಟಿ ಹಿಡಿಯುತ್ತಾನೆ.

ಕೆಮ್ಮು ಬಂತು.
ನುಂಗಿದೆ.