ರಸೀದಿಗಳು

ಸೊಹಾರಿನ ಬಕಾಲದ ಒಂಬತ್ತು ತಿಂಗಳ ರಸೀದಿ
ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ಹಾಸಿಗೆಯ ಮೇಲೆ ಹರವಿದೆ.
ಅತ್ತೆ ಫೋನಿನಲ್ಲಿ ಕೇಳಿದ್ದರು:
"ಬಸಿರಲ್ಲಿ ಏನು ತಿಂದೆ ಮಿಸ್ರಿಯಾ,
ಮಗುವಿನ ಮೈ ಯಾಕೆ ಹೀಗೆ ಕೆಂಡ?"

ಮೊಟ್ಟೆಯೇ? ನೆಲಗಡಲೆಯೇ?
ಬಯಕೆ ತಡೆಯದೆ ಆ ಮಧ್ಯಾಹ್ನ
ಬಾಣಲೆಯಿಂದಲೇ ತಿಂದ ಸಿಗಡಿಯೇ?
ಡಾಕ್ಟರಮ್ಮ ಮುಲಾಮು ಬರೆದಳು,
"ಎಲ್ಲವನ್ನೂ ನಿನ್ನ ತಟ್ಟೆಯ ಮೇಲೆ ಹೊರಿಸಬೇಡ" ಎಂದಳು.
ನಂಬಿದೆ.
ಮನೆಗೆ ಬಂದು ಮತ್ತೆ ಎಣಿಸಿದೆ.

ಸೆಕೆಗೆ ಶಾಯಿ ಹಾರಿಹೋಗಿದೆ.
ಕೊಂಡದ್ದೇನೋ ಕಾಣದು,
ಅಲ್ಲೊಂದು ಇಲ್ಲೊಂದು ರಿಯಾಲಿನ ಅಂಕಿ,
ಒಂದರಲ್ಲಿ ಬರೀ "ವಂದನೆಗಳು" ಅರಬಿಯಲ್ಲಿ.

ಎಸಿ ಗೊರಗುಡುತ್ತದೆ. ಅಫ್ನಾನ್
ಮೊಣಕೈ ಮಡಿಕೆಯನ್ನು ದಿಂಬಿಗೆ ತಿಕ್ಕುತ್ತಾನೆ,
ಪರಚದಿರಲೆಂದು ಕೈಗೆ ತೊಡಿಸಿದ ಕಾಲುಚೀಲ
ಒದ್ದೆಮುದ್ದೆ.
ಎತ್ತಿಕೊಂಡೆ. ಅದನ್ನೇ ಚೀಪುತ್ತಿದ್ದ,
ಹಸಿದಿದ್ದ.