ಹಾಸು

ಟಾಡ್‌ಮರ್ಡನ್ನಿನ ಕಾಲುವೆಯಂಚಿಗೆ ನನ್ನ ಕ್ಲಿನಿಕ್ಕು.
ಮೊಣಕಾಲು, ಸೊಂಟ, ಕುತ್ತಿಗೆ, ಅರ್ಧ ಗಂಟೆಗೆ ಒಬ್ಬರು.
ಮಂಗಳವಾರ ಹತ್ತೂವರೆಗೆ ಡೋರೀನ್ ಗ್ರೀನ್‌ವುಡ್,
ಅರವತ್ತೊಂಬತ್ತು, ಹ್ಯಾಲಿಫ್ಯಾಕ್ಸ್ ಬಸ್ಸಿನ ನಿವೃತ್ತ ಡ್ರೈವರು.
ಎರಡೂ ಚಿಪ್ಪಿನಡಿ ಊತ. ಬಿದ್ದಿರಾ? ಎಂದೆ.
ಹೂಂ, ಎಂದಳು. ಎಷ್ಟು ಸಲ?
ಎಪ್ಪತ್ತೆರಡು ಸಾವಿರದ ನಾನೂರ ಹದಿನಾರು.

ಲಕ್ಷ ಆಗಬೇಕಂತೆ.
ಹಳೆಯ ಮೆಥಡಿಸ್ಟ್ ಚಾಪೆಲ್ಲಿನ ಅಟ್ಟದಲ್ಲಿ
ಮುಗಿದ ಕೈ ನೆತ್ತಿಗೆ, ಗಂಟಲಿಗೆ, ಎದೆಗೆ,
ಆಮೇಲೆ ಇಡೀ ಮೈ ನೆಲಕ್ಕೆ.
ಅಂಗೈ ಜಾರಲೆಂದು ಒವನ್ನಿನ ಕೈಗವಸು ತೊಟ್ಟು.

ತಂತ್ರ, ಎಂದಳು, ಮೆಲ್ಲಗೆ.
ಈ ಊರಲ್ಲಿ ಆ ಶಬ್ದ ಬೇಕರಿಯ ಗಾಜಿಗೆ ಅಂಟಿಸಿದ ಚೀಟಿ,
ದಂಪತಿಗಳಿಗೆ ವಾರಾಂತ್ಯ ಶಿಬಿರ, ಎಣ್ಣೆ ನೀವೇ ತನ್ನಿ.
ಧಾರವಾಡದ ನಮ್ಮ ಓಣಿಯಲ್ಲಿ
ಮೂರು ದಾರಿ ಕೂಡಿದಲ್ಲಿ ಕುಂಕುಮ ಮೆತ್ತಿದ ನಿಂಬೆಹಣ್ಣು,
ದಾಟಬ್ಯಾಡ, ಎಂದು ಜಡೆ ಹಿಡಿದೆಳೆದ ಅವ್ವ.
ಎರಡನ್ನೂ ಹೇಳಲಿಲ್ಲ. ಐಸಿನ ಚೀಲ ಕಟ್ಟಿದೆ.

ಬೀಳುವಾಗ ಏನು ನೆನೆಯುತ್ತೀರಿ?
ಹೇಳುವ ಹಾಗಿಲ್ಲ, ಎಂದಳು. ಅರ್ಧ ಹೇಳಿದಳು.
ನೆತ್ತಿಯ ಮೇಲೊಂದು ಬಿಳಿ ಅಕ್ಷರ, ಅದು ಕರಗಿ ಹಾಲಾಗಿ
ಹುಬ್ಬಿನ ಹಿಂದೆ, ಕೊರಳಲ್ಲಿ, ಮಗನಿಗೆ ಅಂದ ಒಂದು ಮಾತಿನಲ್ಲಿ ಇಳಿದು
ಹಿಮ್ಮಡಿಯಿಂದ ಮಸಿಯಾಗಿ ಹೊರಡುವುದು.
ಮಗ? ಅದೂ ಹೇಳುವ ಹಾಗಿಲ್ಲ.

ನಮ್ಮಜ್ಜಿ ಎಡಗೈಯಲ್ಲಿ ಲಿಂಗವಿಟ್ಟು ನೋಡುತ್ತಿದ್ದಳು
ರೆಪ್ಪೆ ಬಡಿಯದೆ,
ಹಿಂದೆ ಹಾಲುಕ್ಕಿ ಒಲೆ ಆರುವ ತನಕ.

ನವೆಂಬರಿನಲ್ಲಿ ಅವಳ ಗುರು ಬಂದರು ಲೀಡ್ಸಿನ ರೈಲಲ್ಲಿ,
ಕಡುಗೆಂಪು ಬಟ್ಟೆಯ ಮೇಲೆ ಯಾರದೋ ಫುಟ್‌ಬಾಲ್ ಜಾಕೀಟು.
ಬಾಗಿಲ ಬೋರ್ಡು ಓದಿದರು.
ಹಂಚಿನಮನಿ? ಧಾರವಾಡ ಏನ್ರೀ?
ಗೆಶೆ ಜಂಪಾ ಹುಟ್ಟಿದ್ದು ಮುಂಡಗೋಡದ ಕ್ಯಾಂಪು,
ಸ್ವೆಟರ್ ಮಾರುತ್ತ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಲಿತ ಕನ್ನಡ.
ರೋಗಿಗಳ ಕುರ್ಚಿಯಲ್ಲಿ ನಾನೇ ಕೂತುಬಿಟ್ಟೆ.

ತಂತ್ರ ಅಂದ್ರ ಏನ್ರೀ ಅಜ್ಜಾರ?
ಅವರು ಕಿಟಕಿಯಾಚೆ ನೋಡಿದರು, ಮುಚ್ಚಿದ ಹತ್ತಿ ಗಿರಣಿಯತ್ತ.
ಮಗ್ಗದ ಹಾಸು, ಎಂದರು. ಹಾಸುಹೊಕ್ಕಿನ ಹಾಸು.
ಸೀರಿ ಉಟ್ಟಾಗ ಅಂಚು ಕಾಣತೈತಿ, ಹೂ ಕಾಣತೈತಿ,
ಹಾಸು ಯಾರ ಕಣ್ಣಿಗೂ ಬೀಳಂಗಿಲ್ಲ.
ಸಿಟ್ಟು ಬಂತು ಅನ್ರಿ, ಅದನ್ನೂ ಅದರಾಗ ನೇಯೋದು.
ಒಂದೆಳೀನೂ ಒಗೀಬ್ಯಾಡ್ರಿ.
ಆಮೇಲೆ ಡೋರೀನಳಿಗೆ ಇಂಗ್ಲಿಷಿನಲ್ಲಿ,
ನೆಲ ಸಾಕು. ಉಳಿದದ್ದನ್ನು ತುಟಿಯಲ್ಲಿ ಬೀಳು.

ಇಪ್ಪತ್ತೇಳು ಸಾವಿರದ ಐನೂರ ಎಂಬತ್ನಾಲ್ಕು.

ಅದು ಅವಳಿಗೆ ಬರುವ ವಿದ್ಯೆ.
ಅವಳ ತಾಯಿ ಆ ಗಿರಣಿಯಲ್ಲೇ ಸವೆದವಳು.
ಮಗ್ಗಗಳ ಸದ್ದಿಗೆ ಕಿವಿ ಹೋದ ಹೆಂಗಸರು
ದನಿಯಿಲ್ಲದೆ ಬಾಯಿ ಅಗಲಿಸಿ ಆಡುತ್ತಿದ್ದರಂತೆ
ಬಸಿರು, ಸಾಲ, ಮೇಸ್ತ್ರಿಗೆ ಬೈಗುಳ.
ಮನೆಗೂ ಅದೇ ಭಾಷೆ ತಂದರಂತೆ, ಉಣ್ಣುವಾಗಲೂ.

ಈ ಮಂಗಳವಾರ ನಾನೇ ಅವಳ ಮನೆಗೆ ಹೋದೆ.
ಕಿಟಕಿಯ ಬಳಿ, ದಿಂಬಿನ ಮೇಲೆ ಕಾಲು. ತುಟಿ ಆಡುತ್ತಿತ್ತು.
ನೂರಕ್ಷರದ್ದೋ, ಆರಕ್ಷರದ್ದೋ, ಮಗನ ಹೆಸರೋ.
ಶೂ ಬಿಚ್ಚಿ ಹೊಸ್ತಿಲಲ್ಲಿ ನಿಂತೆ, ಉಸಿರು ಬಿಗಿಹಿಡಿದು.
ಬಹಳ ಹೊತ್ತಿನ ಮೇಲೆ, ಏನಂದಿರಿ? ಎಂದೆ.

ಚಹಾಕ್ಕೆ ನೀರಿಡು ಅಂದೆ, ಎಂದಳು.
ಮೂರು ಸಲ ಅಂದೆ.